ಮೂರು ವರ್ಷದ ಭಾನುವಾರಗಳು

ಇಪ್ಪತ್ತೊಂದು ಅಂಕಿಯ ಒಂದು ಸಂಖ್ಯೆ. ಅದು ಒಡೆಯುತ್ತದೆಂದು ಗಣಿತದವರಿಗೆ ಗೊತ್ತಿತ್ತು. ಎಲ್ಲಿ ಒಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಟೋಬರ್ ತಿಂಗಳ ಕೊನೆಯ ದಿನ ನ್ಯೂಯಾರ್ಕಿನ ಮೇಷ್ಟರೊಬ್ಬರು ಬೋರ್ಡಿನ ಮುಂದೆ ನಿಂತು, ತುಟಿ ಎರಡು ಮಾಡದೆ, ಅದನ್ನು ಎರಡು ಹೋಳು ಮಾಡಿ ತೋರಿಸಿದರು.

1903ರ ಅಕ್ಟೋಬರ್ 31, ಶನಿವಾರ. ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ. ಗಣಿತದವರ ಸಭೆ ಹೇಗಿರುತ್ತದೋ ಹಾಗೆಯೇ ಅಂದುಕೊಳ್ಳಿ: ಒಬ್ಬರಾದ ಮೇಲೊಬ್ಬರು ಎದ್ದು ಪ್ರಬಂಧ ಮಂಡಿಸುವುದು, ಉಳಿದವರು ಅರ್ಧ ಕೇಳುತ್ತ, ಅರ್ಧ ತಮ್ಮ ಲೆಕ್ಕದಲ್ಲೇ ಮುಳುಗಿ ಕೂರುವುದು.

ಫ್ರಾಂಕ್ ನೆಲ್ಸನ್ ಕೋಲ್ ಅವರ ಸರದಿ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸೊಸೈಟಿಯ ಕಾರ್ಯದರ್ಶಿ, ವಯಸ್ಸು 42. ಮಾತು ಕಮ್ಮಿ. ಅವರ ಪ್ರಬಂಧದ ಹೆಸರೂ ಅಷ್ಟೇ ಸಪ್ಪೆ: 'ದೊಡ್ಡ ಸಂಖ್ಯೆಗಳ ಅಪವರ್ತನದ ಬಗ್ಗೆ'.

ಕೋಲ್ ಎದ್ದರು. 'ಮಾನ್ಯರೇ' ಎನ್ನಲಿಲ್ಲ, ಪೀಠಿಕೆ ಹಾಕಲಿಲ್ಲ. ಚಾಕ್‌ಪೀಸು ಎತ್ತಿಕೊಂಡು ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ಎರಡರ 67ನೆಯ ಘಾತ ಕಟ್ಟಿದರು. ಅದರಿಂದ ಒಂದು ಕಳೆದರು. ಬೋರ್ಡಿನ ಮೇಲೆ ಬಂದದ್ದು ಇದು:

147573952589676412927

ಆಮೇಲೆ ಬೋರ್ಡಿನ ಖಾಲಿ ಜಾಗಕ್ಕೆ ಸರಿದು ಎರಡು ಸಂಖ್ಯೆ ಬರೆದರು. ಒಂದು 193707721. ಇನ್ನೊಂದು 761838257287. ಶಾಲೆಯ ಹುಡುಗರ ಹಾಗೆ ಒಂದರ ಕೆಳಗೊಂದು ಇಟ್ಟು, ಸಾಲು ಸಾಲಾಗಿ ಗುಣಿಸಿ, ಕೆಳಗೆ ಗೀಟು ಎಳೆದು ಕೂಡಿದರು. ಆ ಮೊತ್ತವೂ ಈ ಕಡೆಯ ಸಂಖ್ಯೆಯೂ ಅಂಕಿಗೆ ಅಂಕಿ ತಾಳೆಯಾಯಿತು.

ಚಾಕ್‌ಪೀಸು ಕೆಳಗಿಟ್ಟು ತಮ್ಮ ಜಾಗಕ್ಕೆ ಹೋಗಿ ಕೂತರು. ಸಭೆ ಜೋರಾಗಿ ಚಪ್ಪಾಳೆ ಹೊಡೆಯಿತು. ಒಬ್ಬರೂ ಪ್ರಶ್ನೆ ಕೇಳಲಿಲ್ಲ.

ವರ್ಷಗಳಾದ ಮೇಲೆ ಇದಕ್ಕೆ ಎಷ್ಟು ದಿನ ಹಿಡಿಯಿತೆಂದು ಕೇಳಿದಾಗ ಕೋಲ್ ಹೇಳಿದ್ದು: ಮೂರು ವರ್ಷದ ಭಾನುವಾರಗಳು.

ತಲೆ ಸರಿ, ಬಾಲ ಸರಿ

ಭಾನುವಾರದ ಪುರವಣಿಗೆ ಬರೆಯುವವನು ಭಾನುವಾರವೇ ಕೂತು ಆ ಗುಣಾಕಾರ ಮಾಡಿ ನೋಡದಿದ್ದರೆ ನ್ಯಾಯವಲ್ಲ ಅನ್ನಿಸಿತು. ಕಾಫಿ ಮುಗಿಸಿ, ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆ ಹರಿದು ಕೂತೆ.

ದೊಡ್ಡದನ್ನು ಮೇಲೆ, ಚಿಕ್ಕದನ್ನು ಕೆಳಗೆ ಬರೆದುಕೊಂಡರೆ ಕೆಲಸ ಅಂದುಕೊಂಡಷ್ಟು ಘೋರವಲ್ಲ. 193707721ರಲ್ಲಿ ಏಳು ಮೂರು ಸಲ ಬರುತ್ತದೆ, ಒಂದು ಎರಡು ಸಲ. ಏಳರ ಸಾಲನ್ನು ಒಮ್ಮೆ ಕಟ್ಟಿಕೊಂಡರೆ (5332867801009) ಉಳಿದ ಎರಡು ಕಡೆ ನಕಲು ಹೊಡೆದರಾಯಿತು. ನಿಜವಾಗಿ ಗುಣಿಸಬೇಕಾದದ್ದು ಎರಡು, ಮೂರು, ಏಳು, ಒಂಬತ್ತರಿಂದ ಮಾತ್ರ. ಮಗ್ಗಿ ನೆನಪಿದ್ದವರಿಗೆ ಅರ್ಧ ಗಂಟೆಯ ಬಾಬತ್ತು.

ಉತ್ತರ ಬಂತು. ಅಂಕಿಗಳನ್ನು ಕೂಡಿ ಕೂಡಿ ಒಂದೇ ಅಂಕಿಗೆ ಇಳಿಸುವ ಹಳೆಯ ಒಂಬತ್ತರ ತಾಳೆ ಹಾಕಿದೆ. ಮೊದಲನೆಯ ಸಂಖ್ಯೆಯ ಅಂಕಿಗಳ ಮೊತ್ತ 37, ಅಂದರೆ 10, ಅಂದರೆ 1. ಎರಡನೆಯದು 64, ಅದೂ 10, ಅದೂ 1. ಗುಣಲಬ್ಧವೂ ಒಂದಕ್ಕೇ ಇಳಿಯಬೇಕು. ಇಳಿಯಿತು. ಮೊದಲ ಮೂರು ಅಂಕಿ 147, ಕೊನೆಯ ನಾಲ್ಕು 2927. ತಲೆ ಸರಿ, ಬಾಲ ಸರಿ. ಬೀಗುತ್ತ ಎಣಿಸಿದೆ: ಇಪ್ಪತ್ತೇ ಅಂಕಿ! ಒಂದು ಕಡಿಮೆ.

ಮತ್ತೆ ಮೊದಲಿನಿಂದ ನೋಡಿದರೆ ಸಿಕ್ಕಿದ ತಪ್ಪು ಎಂಥದು ಗೊತ್ತೇ? ನಡುವಿನ ಸೊನ್ನೆ. ಸೊನ್ನೆಯಿಂದ ಗುಣಿಸಿದರೆ ಏನೂ ಬರುವುದಿಲ್ಲ ನಿಜ, ಆದರೆ ಅದಕ್ಕೊಂದು ಮನೆ ಬಿಡಬೇಕು. ನಾನು ಬಿಟ್ಟಿರಲಿಲ್ಲ. ಒಂಬತ್ತರ ತಾಳೆಗೆ ಈ ತಪ್ಪು ಕಾಣುವುದೇ ಇಲ್ಲ. ಸೊನ್ನೆ ಇದ್ದರೂ ಇಲ್ಲದಿದ್ದರೂ ಅಂಕಿಗಳ ಮೊತ್ತ ಅಷ್ಟೇ ತಾನೆ. ನಾಲ್ಕನೆಯ ತರಗತಿಯಲ್ಲಿ ಇದೇ ತಪ್ಪಿಗೆ ಕಿವಿ ಹಿಂಡಿಸಿಕೊಂಡ ನೆನಪು.

ಎರಡನೆಯ ಸಲ ಸರಿ ಬಂತು. ಅಲ್ಲಿಗೆ ಒಂದು ಗಂಟೆ. ಹುಡುಕುವುದಕ್ಕೆ ಮೂರು ವರ್ಷದ ಭಾನುವಾರಗಳು, ಹುಡುಕಿಕೊಟ್ಟದ್ದು ಸರಿಯೇ ಎಂದು ನೋಡುವುದಕ್ಕೆ, ನನ್ನಂಥ ಕೈ ತಪ್ಪುವವನಿಗೂ, ಒಂದು ಗಂಟೆ. ಈ ಕಥೆಯ ಕುತೂಹಲವೆಲ್ಲ ಈ ಅಂತರದಲ್ಲಿದೆ.

> ನೃಪತುಂಗನ ಕಾಲದ ಬಾಯಲ್ಲಿ
>
> ಇಷ್ಟುದ್ದದ ಸಂಖ್ಯೆಯನ್ನು ಓದುವುದು ಹೇಗೆ? ಇವತ್ತಿನ ರೂಢಿಯಲ್ಲಿ '14 ಲಕ್ಷ 75 ಸಾವಿರದ 739 ಕೋಟಿ ಕೋಟಿ ಚಿಲ್ಲರೆ' ಎಂದು ತಡವರಿಸಬೇಕು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಹೊಗಳಿ 'ಗಣಿತಸಾರಸಂಗ್ರಹ' ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೋಲ್ ಅವರ ಸಂಖ್ಯೆ ಅದರೊಳಗೆ ಆರಾಮಾಗಿ ಕೂರುತ್ತದೆ:
>
> 1 ಕ್ಷಿತಿ, 4 ಮಹಾಶಂಖ, 7 ಶಂಖ, 5 ಮಹಾಕ್ಷೋಣಿ, 7 ಕ್ಷೋಣಿ, 3 ಮಹಾಪದ್ಮ, 9 ಪದ್ಮ, 5 ಮಹಾಖರ್ವ, 2 ಖರ್ವ, 5 ನ್ಯರ್ಬುದ, 8 ಅರ್ಬುದ, 967 ಕೋಟಿ 64 ಲಕ್ಷದ 12 ಸಾವಿರದ 927.
>
> ಸಂಖ್ಯೆಗಳ ಚೆಲುವಿನ ಹುಚ್ಚು ಅವರಿಗೂ ಇತ್ತು. ಗುಣಿಸಿದರೆ ಹಾರದ ಹಾಗೆ ಕಾಣುವ ಉತ್ತರಗಳನ್ನು ಪೋಣಿಸಿದ್ದಾರೆ. ಒಂದು ಸ್ಯಾಂಪಲ್: 27994681 × 441 = 12345654321.

ಪಾದ್ರಿಯ ಪಟ್ಟಿ

ಎರಡರ ಘಾತಗಳಲ್ಲಿ 67ನೆಯದೇ ಯಾಕೆ? ಅದಕ್ಕೆ ಕಾರಣ ಪ್ಯಾರಿಸ್ಸಿನ ಒಬ್ಬ ಪಾದ್ರಿ.

ಮರಾಂ ಮೆರ್ಸೆನ್ (1588–1648) ಮಠದಲ್ಲಿದ್ದುಕೊಂಡೇ ಯುರೋಪಿನ ವಿಜ್ಞಾನಕ್ಕೆಲ್ಲ ಅಂಚೆ ಕಚೇರಿಯಾಗಿದ್ದವರು. ಡೆಕಾರ್ಟ್, ಫರ್ಮಾ, ಪಾಸ್ಕಲ್ ಎಲ್ಲರೂ ಅವರಿಗೆ ಕಾಗದ ಬರೆಯುವವರೇ. ಒಬ್ಬರ ಕಾಗದದಲ್ಲಿ ಬಂದದ್ದು ಇನ್ನೊಬ್ಬರಿಗೆ ತಲುಪಿಸಿ, ಜಗಳ ಹಚ್ಚಿ, ಆಮೇಲೆ ತಾವೇ ಸಮಾಧಾನ ಮಾಡುವುದು ಅವರ ಕಸುಬು. ಅವರು ತೀರಿಕೊಂಡಾಗ ಕೋಣೆಯಲ್ಲಿ 78 ಜನರ ಪತ್ರಗಳು ಸಿಕ್ಕವು.

ಅವರಿಗೆ ಆಸಕ್ತಿ ಹುಟ್ಟಿಸಿದ್ದು ಸರಳವಾದ ಒಂದು ವಿಷಯ. ಎರಡರ 2, 3, 5, 7ನೆಯ ಘಾತಗಳನ್ನು ಕಟ್ಟಿ ಒಂದೊಂದರಿಂದಲೂ ಒಂದು ಕಳೆಯಿರಿ: 3, 7, 31, 127... ಇವು ಅವಿಭಾಜ್ಯ ಸಂಖ್ಯೆಗಳು, ತಮ್ಮಿಂದ ಮತ್ತು ಒಂದರಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದವು. ಘಾತ ಅವಿಭಾಜ್ಯವಾಗಿದ್ದರೆ ಸಾಕು, ಉತ್ತರವೂ ಅವಿಭಾಜ್ಯ ಅನ್ನಿಸುತ್ತದೆ. ಆದರೆ 11ಕ್ಕೆ ಬಂದಾಗ ಮೋಸ: ಎರಡರ 11ನೆಯ ಘಾತದಲ್ಲಿ ಒಂದು ಕಳೆದರೆ 2047, ಅದು 23 ಮತ್ತು 89ರ ಗುಣಲಬ್ಧ. ಯಾವ ಘಾತ ನಂಬಬಹುದು, ಯಾವುದು ಕೈಕೊಡುತ್ತದೆ?

1644ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಮೆರ್ಸೆನ್ ಪಟ್ಟಿಯನ್ನೇ ಕೊಟ್ಟುಬಿಟ್ಟರು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಇವಿಷ್ಟಕ್ಕೆ ಅವಿಭಾಜ್ಯ ಬರುತ್ತದೆ, ಉಳಿದವಕ್ಕಿಲ್ಲ ಎಂದು. ಹೇಗೆ ಗೊತ್ತು? ಹೇಳಲಿಲ್ಲ. ಹದಿನೈದಿಪ್ಪತ್ತು ಅಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತೀರ್ಮಾನಿಸಲು ಇರುವ ಕಾಲವೆಲ್ಲ ಸಾಲದು ಎಂದು ಅವರೇ ಬರೆದುಕೊಂಡಿದ್ದಾರೆ. ಸಾಲದೆಂದು ಗೊತ್ತಿದ್ದೂ ಪಟ್ಟಿ ಬರೆದ ಧೈರ್ಯಕ್ಕೆ ಏನನ್ನೋಣ!

ಪಟ್ಟಿಯಲ್ಲಿ ಐದು ತಪ್ಪು. 61, 89, 107 ಬಿಟ್ಟುಹೋಗಿದ್ದವು. 67 ಮತ್ತು 257 ಬರಬಾರದಿತ್ತು. 61 ಎಂದು ಬರೆದದ್ದು ಅಚ್ಚಿನವರ ಕೈಯಲ್ಲಿ 67 ಆಯಿತೇ ಎಂದು ಅನುಮಾನಪಟ್ಟವರುಂಟು. ಹಾಗಾಗಿದ್ದರೆ ಕೋಲ್ ಅವರ ಭಾನುವಾರಗಳನ್ನು ತಿಂದದ್ದು ಒಂದು ಮುದ್ರಣದೋಷ. ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಈ ಊಹೆ ಯಾಕೋ ಬಲು ನಂಬಲರ್ಹವಾಗಿ ಕಾಣುತ್ತದೆ.

ತಪ್ಪುಗಳನ್ನು ಹೆಕ್ಕಿದವರ ಸಾಲೂ ಚೆನ್ನಾಗಿದೆ. 61ನ್ನು 1883ರಲ್ಲಿ ಸೇರಿಸಿದವರು ರಷ್ಯದ ಯೂರಲ್ ಸೀಮೆಯ ಪಾದ್ರಿ ಇವಾನ್ ಪೆರ್ವುಶಿನ್. 89 ಸಿಕ್ಕಿದ್ದು 1911ರಲ್ಲಿ, ಡೆನ್ವರ್‌ನ ರೈಲ್ವೆ ನೌಕರ ಆರ್. ಇ. ಪವರ್ಸ್ ಅವರಿಗೆ. ಇಬ್ಬರದೂ ಕಂಪ್ಯೂಟರಿಗೆ ಮುಂಚಿನ ಲೆಕ್ಕ, ಬಿಡುವಿನ ವೇಳೆಯದು.

> ಎಚ್ಚರಿಕೆಯ ಗಡಿಯಾರ
>
> ಮೆರ್ಸೆನ್ ಪಟ್ಟಿಯ 31ಕ್ಕೆ ಬರುವ ಸಂಖ್ಯೆ 2147483647. ಇದು ಅವಿಭಾಜ್ಯವೆಂದು 1772ರಲ್ಲಿ ಸಾಧಿಸಿದವರು ಆಯ್ಲರ್. ಕಂಪ್ಯೂಟರ್‌ನವರಿಗೆ ಇದು ಬೇರೆ ಕಾರಣಕ್ಕೆ ಬಾಯಿಪಾಠ: 32 ಬಿಟ್ ಜಾಗದಲ್ಲಿ ಋಣ ಸಂಖ್ಯೆಗಳಿಗೂ ಎಡೆ ಕೊಟ್ಟರೆ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದಿರುವ ಹಳೆಯ ವ್ಯವಸ್ಥೆಗಳಲ್ಲಿ ಎಣಿಕೆ ಇಲ್ಲಿಗೆ ಮುಟ್ಟುವುದು 2038ರ ಜನವರಿ 19, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅವುಗಳ ಕ್ಯಾಲೆಂಡರು 1901ಕ್ಕೆ ಜಿಗಿಯುತ್ತದೆ.

ಕಳ್ಳ ಒಳಗಿದ್ದಾನೆ, ಯಾರೆಂದು ಗೊತ್ತಿಲ್ಲ

ಈಗ ನನಗೆ ಅತಿ ಸೋಜಿಗ ಅನ್ನಿಸುವ ಭಾಗ. ಕೋಲ್ ಬೋರ್ಡಿನ ಮುಂದೆ ನಿಲ್ಲುವುದಕ್ಕೆ 27 ವರ್ಷ ಮೊದಲೇ, 1876ರಲ್ಲಿ, ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ಫ್ರಾನ್ಸಿನ ಎದುವಾರ್ ಲ್ಯೂಕಾ ಕಂಡುಕೊಂಡಿದ್ದರು. ಆದರೆ ಅದರ ಒಂದು ಅಪವರ್ತನವೂ ಅವರ ಕೈಗೆ ಸಿಕ್ಕಿರಲಿಲ್ಲ.

ಇದು ಹೇಗೆ ಸಾಧ್ಯ? 15 ಅವಿಭಾಜ್ಯವಲ್ಲ ಎಂದು ನಾವು ಹೇಳುವುದು ಮೂರೈದಲ ಹದಿನೈದು ಎಂದು ಗೊತ್ತಿರುವುದರಿಂದ. ಮೂರನ್ನೂ ತೋರಿಸದೆ ಐದನ್ನೂ ತೋರಿಸದೆ, 'ಇದು ಒಡೆಯುತ್ತದೆ, ನಂಬಿ' ಎಂದರೆ?

ಲ್ಯೂಕಾ ಕಂಡುಹಿಡಿದದ್ದು ಒಂದು ಪರೀಕ್ಷೆ. ಅವಿಭಾಜ್ಯವಾದರೆ ಪಾಸು, ಇಲ್ಲವಾದರೆ ಫೇಲು. ಯಾಕೆ ಫೇಲು ಎಂದು ಮಾತ್ರ ಅದು ಹೇಳುವುದಿಲ್ಲ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಸೋಂಕಿದೆ ಎಂದು ಬರುತ್ತದೆ, ಎಲ್ಲಿಂದ ಹತ್ತಿತೆಂದು ಬರುವುದಿಲ್ಲವಲ್ಲ, ಹಾಗೆ.

> ಲ್ಯೂಕಾ ಪಾಕ
>
> 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆಗೆ ಕೂತ ಸಂಖ್ಯೆಯಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಉಳಿದರೆ ಅವಿಭಾಜ್ಯ.
>
> 31ಕ್ಕೆ (ಎರಡರ 5ನೆಯ ಘಾತದಲ್ಲಿ ಒಂದು ಕಳೆದದ್ದು) ಮೂರು ಸಲ ಸಾಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಮೂವತ್ತೊಂದರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ಪಾಸು.
>
> ಈ ಸುಲಭ ರೂಪ ಕೊಟ್ಟವರು 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್. 67ಕ್ಕೆ ಇದನ್ನು 65 ಸಲ ಮಾಡಬೇಕು, ಪ್ರತಿ ಸಲವೂ ಇಪ್ಪತ್ತು ಚಿಲ್ಲರೆ ಅಂಕಿಗಳ ವರ್ಗ. ಕಾಗದ ಸಾಕಷ್ಟು ಇಟ್ಟುಕೊಳ್ಳಿ.

ಹೀಗೆ ಕಾಲು ಶತಮಾನಕ್ಕೂ ಮಿಕ್ಕಿ ಈ ಸಂಖ್ಯೆ ವಿಚಿತ್ರ ಸ್ಥಿತಿಯಲ್ಲಿತ್ತು. ಮನೆಯೊಳಗೆ ಕಳ್ಳ ಇದ್ದಾನೆ ಎಂದು ಖಾತ್ರಿ. ಬಾಗಿಲು ತೆಗೆದು ನೋಡಿದರೆ ಬರೀ ಕತ್ತಲೆ.

1609ರಿಂದ ಹೊರಟು

ಕೋಲ್ ಹುಡುಕಿದ್ದು ಹೇಗೆ? ಎರಡರಿಂದ ಶುರು ಮಾಡಿ ಒಂದೊಂದಾಗಿ ಭಾಗಿಸುತ್ತ ಹೋಗಲಿಲ್ಲ ಎಂಬುದಂತೂ ಖಂಡಿತ. ಕಾರಣಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಫರ್ಮಾ 1640ರ ಹೊತ್ತಿಗೇ ಕಂಡಿದ್ದ ಒಂದು ಗುಟ್ಟಿದೆ. ಈ ಜಾತಿಯ ಸಂಖ್ಯೆಯನ್ನು ಭಾಗಿಸುವ ಯಾವುದೇ ಸಂಖ್ಯೆಯನ್ನು ಘಾತದ ಎರಡರಷ್ಟರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಘಾತ 67, ಎರಡರಷ್ಟು 134. ಅಂದರೆ ನಮ್ಮ ಕಳ್ಳ 135, 269, 403, 537... ಈ ಸಾಲಿನಲ್ಲೇ ಎಲ್ಲೋ ನಿಂತಿದ್ದಾನೆ. ಜೊತೆಗೆ ಇನ್ನೊಂದು ಗುರುತು: ಎಂಟರಿಂದ ಭಾಗಿಸಿದರೆ ಶೇಷ ಒಂದು ಅಥವಾ ಏಳು ಇರಬೇಕು. ಸಾಲಿನಲ್ಲಿ ಅರ್ಧದಷ್ಟು ಜನ ಅಲ್ಲಿಗೇ ಮನೆಗೆ.

ಉಳಿದವರನ್ನು ನೋಡೋಣ. 135 ಐದರಿಂದ ಹೋಗುತ್ತದೆ, ಬಿಡಿ. 537 ಮೂರರಿಂದ, 671 ಹನ್ನೊಂದರಿಂದ. 1073 ಅಂದರೆ 29 × 37. 1207 ಅಂದರೆ 17 × 71. ಇವು ತಾವೇ ಅವಿಭಾಜ್ಯವಲ್ಲವಾದ್ದರಿಂದ ಪರೀಕ್ಷಿಸಬೇಕಾಗಿಲ್ಲ. ಭಾಗಿಸಿ ನೋಡಲು ಯೋಗ್ಯವಾದ ಮೊದಲ ಸಂಖ್ಯೆಯೇ 1609! ಅಷ್ಟರಮಟ್ಟಿಗೆ ಗೆದ್ದೆವು.

ಆದರೆ ಸಾಲು ಉದ್ದ. ಕೋಲ್ ಅವರಿಗೆ ಸಿಕ್ಕ 193707721 ಈ ಸಾಲಿನಲ್ಲಿ 14,45,580ನೆಯದು. ಎಂಟರ ಗುರುತಿನಿಂದ ಅರ್ಧ ಕಳೆದರೂ ಏಳು ಲಕ್ಷಕ್ಕೆ ಮೇಲೆ. 3, 5, 7, 11ರಿಂದ ಭಾಗವಾಗುವುವನ್ನೂ ತೆಗೆದರೆ ಸುಮಾರು ಮೂರು ಲಕ್ಷ. ಮೂರು ವರ್ಷದಲ್ಲಿ ಭಾನುವಾರಗಳು 156. ಒಂದು ಭಾನುವಾರಕ್ಕೆ ಹೆಚ್ಚುಕಡಿಮೆ 1,900 ಭಾಗಾಕಾರ, ಅದೂ ಇಪ್ಪತ್ತೊಂದು ಅಂಕಿಯ ಸಂಖ್ಯೆಯದು. ಊಟ ನಿದ್ದೆ ಬಿಟ್ಟರೂ ಮನುಷ್ಯನ ಕೈಲಾಗದ್ದು.

ಹಾಗಾಗಿ ಕೋಲ್ ಭಾಗಿಸುವುದಕ್ಕಿಂತ ಹೆಚ್ಚಾಗಿ ಜರಡಿ ಹಿಡಿದರು. ಗಣಿತದಲ್ಲಿ ವರ್ಗಶೇಷಗಳೆಂದು ಕರೆಯುವ ಸಂಖ್ಯೆಗಳನ್ನು ಹುಡುಕಿ ಕೈಯಲ್ಲಿಟ್ಟುಕೊಂಡರೆ, ಒಂದೊಂದೂ ಒಂದು ಜರಡಿ. ಸಾಲಿನಲ್ಲಿ ಉಳಿದವರಲ್ಲಿ ಅರ್ಧದಷ್ಟನ್ನು ಹೊರಕ್ಕೆ ಚೆಲ್ಲುತ್ತದೆ. ಮೇಲೆ ಹೇಳಿದ ಎಂಟರ ಗುರುತೂ ಅಂಥದೇ ಒಂದು. ಅರ್ಧದ ಅರ್ಧ, ಅದರ ಅರ್ಧ ಎಂದು ಹತ್ತು ಸಲ ಜರಡಿಯಾಡಿದರೆ ಸಾವಿರಕ್ಕೆ ಒಂದು ಉಳಿಯುತ್ತದೆ. ಜರಡಿ ಹೆಣೆಯುವುದೇ ಕಷ್ಟ. ಹೆಣೆದ ಮೇಲೆ ಭತ್ತ ತಾನಾಗಿ ಉದುರುತ್ತದೆ.

ಇನ್ನೊಂದು ಮಾತು. ಚಿಕ್ಕ ಅಪವರ್ತನ 19 ಕೋಟಿಯ ಆಸುಪಾಸಿನಲ್ಲಿ ಸಿಕ್ಕಿದ್ದು ಪುಣ್ಯ. ಅದು 1,214 ಕೋಟಿಯವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಅಲ್ಲಿದ್ದಿದ್ದರೆ ಮೂರು ವರ್ಷದ ಭಾನುವಾರದ ಜೊತೆ ಸೋಮವಾರಗಳನ್ನೂ ಸೇರಿಸಬೇಕಾಗುತ್ತಿತ್ತೇನೋ.

ಕಥೆ ಹೇಳಿದವರು ಯಾರು?

ಇಲ್ಲಿ ಒಂದು ಅನುಮಾನ ಹೇಳದಿದ್ದರೆ ಓದುಗರಿಗೆ ಮೋಸವಾದೀತು. ಮೌನ, ಚಾಕ್‌ಪೀಸು, ಚಪ್ಪಾಳೆ, ಈ ಚಿತ್ರವೆಲ್ಲ ನಮಗೆ ಸಿಕ್ಕಿರುವುದು ಎರಿಕ್ ಟೆಂಪಲ್ ಬೆಲ್ ಅವರಿಂದ. ಅವರು ಕೊಲಂಬಿಯಾದಲ್ಲಿ ಡಾಕ್ಟರೇಟ್ ಪಡೆದದ್ದು 1912ರಲ್ಲಿ. 'ಎಷ್ಟು ದಿನ ಹಿಡಿಯಿತು' ಎಂದು ತಾವೇ 1911ರಲ್ಲಿ ಕೋಲ್ ಅವರನ್ನು ಕೇಳಿದ್ದಾಗಿ ಬರೆದಿದ್ದಾರೆ. ಆದರೆ 1903ರ ಆ ಶನಿವಾರ ಅವರು ಸಭೆಯಲ್ಲಿರಲಿಲ್ಲ. ಕಥೆ ಅಚ್ಚಾದದ್ದು 1951ರಲ್ಲಿ, ಕೋಲ್ ತೀರಿಕೊಂಡು 25 ವರ್ಷವಾದ ಮೇಲೆ. ಗಣಿತಜ್ಞರ ಜೀವನಕಥೆಗಳನ್ನು ರಸವತ್ತಾಗಿ ಬರೆದ ಬೆಲ್, ರಸಕ್ಕೆ ಕೊರತೆ ಬಿದ್ದರೆ ತಾವೇ ಒಂದಿಷ್ಟು ಬೆರೆಸುವವರೆಂದೂ ಹೆಸರಾದವರು.

ಬೆರೆಸಿದ್ದು ಎಷ್ಟೋ ಇರಲಿ, ಸಭೆ ನಡೆದದ್ದು, ಪ್ರಬಂಧ ಮಂಡನೆಯಾದದ್ದು, ಅದೇ ಡಿಸೆಂಬರಿನಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು ದಾಖಲೆ. ಎರಡು ಅಪವರ್ತನಗಳಿಗಂತೂ ಸಾಕ್ಷಿಯೇ ಬೇಡ. ನನ್ನ ಹಾಳೆ ಇದೆ, ಎರಡನೆಯದು.

ಬೇರು ತೆಗೆಯುವುದಲ್ಲ, ಹೋಳು ಮಾಡುವುದು

ದೊಡ್ಡ ಸಂಖ್ಯೆ ಎಂದೊಡನೆ ಕನ್ನಡಿಗರ ಬಾಯಿಗೆ ಬರುವ ಹೆಸರು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರದು. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರ ಮುಂದೆ 201 ಅಂಕಿಯ ಒಂದು ಸಂಖ್ಯೆ ಇಟ್ಟು, ಅದರ 23ನೆಯ ಮೂಲ ಕೇಳಿದರು. 50 ಸೆಕೆಂಡಿನಲ್ಲಿ ಉತ್ತರ: 546372891.

ಕೋಲ್ ಅವರ ಸಂಖ್ಯೆ ಅದಕ್ಕಿಂತ 180 ಅಂಕಿ ಚಿಕ್ಕದು. ಹಾಗಾದರೆ ಶಕುಂತಲಾ ದೇವಿಯವರಿಗೆ ಅದು ಕಡಲೆಪುರಿಯೇ? ಇಲ್ಲ, ಎರಡೂ ಬೇರೆ ಬೇರೆ ಜಾತಿಯ ಕಷ್ಟ. ಪೂರ್ಣ ಘಾತವೆಂದು ಗೊತ್ತಿರುವ ಸಂಖ್ಯೆ ತನ್ನ ಮೂಲದ ಸುಳಿವನ್ನು ತಾನೇ ಕೊಡುತ್ತದೆ. ಅದರ ಗಾತ್ರ ನೋಡಿದರೆ ಉತ್ತರದ ತಲೆ ಗೊತ್ತಾಗುತ್ತದೆ, ಕೊನೆಯ ಅಂಕಿಗಳನ್ನು ನೋಡಿದರೆ ಬಾಲ. ನಡುವಿನದನ್ನು ಮಿಂಚಿನಂತೆ ಹಿಡಿಯುವುದು ಪ್ರತಿಭೆ. ಅಪವರ್ತನದಲ್ಲಿ ಹಿಡಿಯಲು ತಲೆಯೂ ಇಲ್ಲ, ಬಾಲವೂ ಇಲ್ಲ. ಕೊನೆಯಲ್ಲಿ 7 ಇದೆ ಎಂದರೆ 1 × 7 ಆಗಿರಬಹುದು, 3 × 9 ಆಗಿರಬಹುದು. ಮೊದಲ ಅಂಕಿಗಳಂತೂ ಏನೂ ಹೇಳುವುದಿಲ್ಲ. ಗುಣಿಸುವಾಗ ಎರಡು ಸಂಖ್ಯೆಗಳು ಹಿಟ್ಟಿನಲ್ಲಿ ನೀರು ಬೆರೆತ ಹಾಗೆ ಬೆರೆತುಹೋಗುತ್ತವೆ.

ಅದೇ 1977ರಲ್ಲಿ, ಅದೇ ಅಮೆರಿಕದಲ್ಲಿ, ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡವರು ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್. ದೊಡ್ಡ ಎರಡು ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಸಾರಿಬಿಡಿ. ಅದನ್ನು ಬಳಸಿ ಯಾರು ಬೇಕಾದರೂ ಗುಟ್ಟಿನ ಸಂದೇಶ ಕಳಿಸಬಹುದು. ಬಿಚ್ಚಿ ಓದಲು ಮಾತ್ರ ಆ ಎರಡು ಹೋಳು ಗೊತ್ತಿರಬೇಕು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. ನೀವು ಬ್ಯಾಂಕಿನ ಜಾಲತಾಣ ತೆರೆದಾಗ ಬೀಳುವ ಬೀಗಗಳಲ್ಲಿ ಇದೂ ಒಂದು. ಇವತ್ತು ರೂಢಿಯಲ್ಲಿರುವ ಅಳತೆ 617 ಅಂಕಿ.

ಆ ವರ್ಷ ಗಣಿತದ ಒಗಟುಗಳ ಬಗ್ಗೆ ಬರೆಯುತ್ತಿದ್ದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಈ ಮೂವರದೊಂದು ಸವಾಲು ಅಚ್ಚು ಹಾಕಿದರು: 129 ಅಂಕಿಯ ಈ ಸಂಖ್ಯೆ ಒಡೆದು ಒಳಗಿನ ಸಂದೇಶ ಓದಿದವರಿಗೆ 100 ಡಾಲರ್. ಕೋಟಿಗಟ್ಟಲೆ ವರ್ಷ ಬೇಕಾದೀತೆಂಬ ಅಂದಾಜಿತ್ತು. ಹಿಡಿದದ್ದು 17 ವರ್ಷ. 1994ರಲ್ಲಿ ಇಂಟರ್‌ನೆಟ್ ಮೂಲಕ ಸೇರಿದ ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳು ಅದನ್ನು ಒಡೆದವು. ಅವರ ವಿಧಾನದ ಹೆಸರಿನಲ್ಲೂ ಜರಡಿ ಇತ್ತು, ವರ್ಗ ಇತ್ತು. ಕೋಲ್ ಕಂಡಿದ್ದರೆ ನೆಂಟರನ್ನು ಕಂಡಂತೆ ನಕ್ಕಿರುತ್ತಿದ್ದರು.

ನಾಲ್ಕು ಕೋಟಿ ಅಂಕಿ

ಮೆರ್ಸೆನ್ ಹಚ್ಚಿದ ಹುಚ್ಚು ನಿಂತಿಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬ ಪ್ರೋಗ್ರಾಮರ್ ಶುರು ಮಾಡಿದ 'ಗಿಂಪ್ಸ್' ಎಂಬ ಯೋಜನೆಯಲ್ಲಿ ಜಗತ್ತಿನ ಯಾರು ಬೇಕಾದರೂ ತಮ್ಮ ಕಂಪ್ಯೂಟರನ್ನು ಈ ಬೇಟೆಗೆ ಬಿಡಬಹುದು.

2024ರ ಅಕ್ಟೋಬರಿನಲ್ಲಿ (ಮತ್ತೆ ಅಕ್ಟೋಬರ್!) ಅಲ್ಲಿಂದ ಸುದ್ದಿ ಬಂತು. ಎರಡರ 13,62,79,841ನೆಯ ಘಾತದಲ್ಲಿ ಒಂದು ಕಳೆದರೆ ಅವಿಭಾಜ್ಯ. ಅಂಕಿಗಳು 4,10,24,320. ಪುಟಕ್ಕೆ ನಾಲ್ಕು ಸಾವಿರದಂತೆ ಅಚ್ಚು ಹಾಕಿದರೂ ಹತ್ತು ಸಾವಿರ ಪುಟ ದಾಟುತ್ತದೆ. ಕಂಡುಹಿಡಿದವರು ಸ್ಯಾನ್ ಹೊಸೆಯ ಲ್ಯೂಕ್ ಡುರಾಂಟ್, 36 ವರ್ಷ, ಹಿಂದೆ ಎನ್ವಿಡಿಯಾ ಕಂಪನಿಯಲ್ಲಿದ್ದವರು. 17 ದೇಶಗಳಲ್ಲಿ ಬಾಡಿಗೆಗೆ ಪಡೆದ ಯಂತ್ರಗಳಲ್ಲಿ ಹುಡುಕುತ್ತಿದ್ದಾಗ ಡಬ್ಲಿನ್‌ನ ಒಂದು ಚಿಪ್ ಮೊದಲು 'ಇರಬಹುದು' ಎಂದಿತು. ಕೊನೆಗೆ 'ಹೌದು' ಎಂದು ಮೊಹರು ಹಾಕಿದ್ದು ನಮ್ಮ ಹಳೆಯ ಲ್ಯೂಕಾ ಪರೀಕ್ಷೆಯೇ: 4ರಿಂದ ಶುರು, ವರ್ಗ, ಎರಡು ಕಳೆ, ಶೇಷ.

ಈ ಲೇಖನ ಬರೆಯುವಾಗ ಪಕ್ಕದಲ್ಲಿ ಅಣ್ಣನ ಮಗಳು ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಕೋಲ್ ಅವರ ಸಂಖ್ಯೆ ಕೊಟ್ಟು ಒಡೆಯಲು ಹೇಳಿದೆ. ಗುಂಡಿ ಒತ್ತಿದ ಬೆರಳು ಮೇಲೆ ಬರುವಷ್ಟರಲ್ಲಿ ಎರಡೂ ಹೋಳು ಪರದೆಯ ಮೇಲಿದ್ದವು.

'ಇಷ್ಟಕ್ಕೆ ಮೂರು ವರ್ಷನಾ ಚಿಕ್ಕಪ್ಪ?' ಅಂದಳು.

ಸರಿ, ಹಾಗಾದರೆ ಇದನ್ನು ಹಾಕು ಎಂದೆ: ಎರಡರ 1277ನೆಯ ಘಾತದಲ್ಲಿ ಒಂದು ಕಳೆದದ್ದು. ಬರೀ 385 ಅಂಕಿ, ನಾಲ್ಕು ಕೋಟಿಯ ಮುಂದೆ ಚಿಲ್ಲರೆ. ಅದರ ಪಕ್ಕದ ಮನೆಯ 1279ಕ್ಕೆ ಅವಿಭಾಜ್ಯ ಬರುತ್ತದೆಂದು 1952ರಲ್ಲಿ ಲಾಸ್ ಏಂಜಲೀಸಿನ 'ಸ್ವಾಕ್' ಕಂಪ್ಯೂಟರಿನಲ್ಲಿ ರಾಫೆಲ್ ರಾಬಿನ್ಸನ್ ಅವರ ಪ್ರೋಗ್ರಾಮು ಸಾಧಿಸಿಬಿಟ್ಟಿತ್ತು. 1277 ಲ್ಯೂಕಾ ಪರೀಕ್ಷೆಯಲ್ಲಿ ಫೇಲು. ಅಂದರೆ ಒಡೆಯುತ್ತದೆ, ಖಾತ್ರಿ. ಆದರೆ ಗಿಂಪ್ಸ್‌ನವರ ಯಂತ್ರಗಳು ಇಷ್ಟು ವರ್ಷ ತಡಕಿದರೂ ಅದರ ಒಂದೇ ಒಂದು ಅಪವರ್ತನ ಯಾರ ಕೈಗೂ ಸಿಕ್ಕಿಲ್ಲ.

ಅವಳು ಟೈಪ್ ಮಾಡಿ ಗುಂಡಿ ಒತ್ತಿದಳು. ಪರದೆಯ ಮೇಲೆ ಕರ್ಸರ್ ಮಿಣುಕುತ್ತ ನಿಂತಿತು. ಅಡುಗೆಮನೆಯಿಂದ ಊಟಕ್ಕೆ ಕರೆ ಬಂತು. ಊಟ ಮುಗಿಸಿ ಕೈತೊಳೆದು ಬಂದು ನೋಡಿದರೂ ಅದು ಅಲ್ಲೇ ಮಿಣುಕುತ್ತಿತ್ತು.